ಮೂರು ಎಕರೆ ಕಾಫಿ ಸಾವಯವ ಆಗಬೇಕಾ?

ಕಾಫಿ ಬೋರ್ಡಿನ ಲೆಕ್ಕದಲ್ಲಿ 25 ಎಕರೆವರೆಗೆ ತೋಟ ಇದ್ದವರೆಲ್ಲ ಸಣ್ಣ ಬೆಳೆಗಾರರು. ಆದರೆ ಚಿಕ್ಕಮಗಳೂರು, ಹಾಸನ, ಕೊಡಗಿನ ಊರೊಳಗೆ ಹೋಗಿ ನೋಡಿ, 25 ಎಕರೆಯವರನ್ನು ಯಾರೂ ಸಣ್ಣವರು ಅನ್ನುವುದಿಲ್ಲ. ಅಲ್ಲಿ ಸಣ್ಣವರು ಅಂದರೆ ಎರಡು, ಮೂರು, ಹೆಚ್ಚೆಂದರೆ ಐದು ಎಕರೆಯವರು. ಕೆಳಗೆ ಒಂದು ತುಂಡು ಗದ್ದೆ, ಮನೆ ಹಿಂದೆ ಒಂದಿಷ್ಟು ಅಡಿಕೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿ ಕಾಫಿ. ಇಂಥವರು ರಸಗೊಬ್ಬರ, ಔಷಧಿ ಪೂರ್ತಿ ಬಿಟ್ಟು, ಪ್ರಮಾಣಪತ್ರ ಮಾಡಿಸಿಕೊಂಡು ಸಾವಯವ ಕಾಫಿಗೆ ಹೋಗಬೇಕಾ? ಇಬ್ಬರು ಬೆಳೆಗಾರರ ಮಾತು ಇಲ್ಲಿದೆ. ಒಬ್ಬರು ಮೂಡಿಗೆರೆ ಕಡೆಯ ಹೆಣ್ಣುಮಗಳು. ಇನ್ನೊಬ್ಬರು ಸೋಮವಾರಪೇಟೆ ಕಡೆಯವರು. ಇಬ್ಬರದ್ದೂ ಅರೇಬಿಕಾ ಜಾತಿಯ ಕಾಫಿ, ಇಬ್ಬರದ್ದೂ ಮೂರು ಎಕರೆ.

ಪರ: ತೋಟ ಅರ್ಧ ದಾರಿ ಆಗಲೇ ನಡೆದಿದೆ

ನಮ್ಮಪ್ಪ ಕಾಂಡ ಕೊರೆಯುವ ಬೋರರ್ ಹುಳಕ್ಕೆ ಬಿಎಚ್‌ಸಿ ಅನ್ನೋ ಕೀಟನಾಶಕದ ಪುಡಿ ಕಲಸುತ್ತಿದ್ದದ್ದು ಬರಿಗೈಯಲ್ಲಿ. ಹಳೆ ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿ, ಗೋಣಿ ಚೂರನ್ನು ಅದ್ದಿ, ಗಿಡದ ಕಾಂಡಕ್ಕೆ ಬಳಿಯುತ್ತಿದ್ದರು. ಮಧ್ಯಾಹ್ನ ಕೈ ತೊಳೆದಂತೆ ಮಾಡಿ ಅದೇ ಕೈಯಲ್ಲಿ ಕಡುಬು ಮುರಿದು ತಿನ್ನುತ್ತಿದ್ದರು. ಆಗ ಅದು ತಪ್ಪು ಅಂತ ಹೇಳುವವರೂ ಇರಲಿಲ್ಲ.

1997ರಲ್ಲಿ ಸರ್ಕಾರ ಬಿಎಚ್‌ಸಿ ನಿಷೇಧಿಸಿತು. ಗೊಬ್ಬರದ ಅಂಗಡಿಯಲ್ಲಿ ಲಿಂಡೇನ್ ಕೊಟ್ಟರು. ಅದು ಬಿಎಚ್‌ಸಿಯ ಸೋಸಿದ ರೂಪ ಅಷ್ಟೇ, ಮುಂದೆ ಅದೂ ಹೋಯಿತು. ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಅಂದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಘಟ್ಟದ ಕೆಳಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಮೇಲೆ ಬೆಳ್ತಂಗಡಿ, ಪುತ್ತೂರು ಕಡೆಯ ಮನೆಗಳಲ್ಲಿ ಏನಾಯಿತು ಅಂತ ನಮಗೆಲ್ಲ ಗೊತ್ತು. ಆಮೇಲೆ ಬಂದದ್ದು ಕ್ಲೋರ್‌ಪೈರಿಫಾಸ್. 2020ರಲ್ಲಿ ಯುರೋಪ್ ಒಕ್ಕೂಟ ಅದಕ್ಕೂ ಬಾಗಿಲು ಹಾಕಿತು. ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿಯವರು. ಅವರು ಬೇಡ ಅಂದ ಮೇಲೆ ನಾವು ಹೊಡೆದು ಯಾರಿಗೆ ಮಾರೋಣ? ಕಳೆಗೆ ಹೊಡೆಯುತ್ತಿದ್ದ ಗ್ಲೈಫೋಸೇಟನ್ನೂ 2022ರಲ್ಲಿ ಕೇಂದ್ರ ಸರ್ಕಾರ ರೈತರು ತಾವೇ ಹೊಡೆಯುವಂತಿಲ್ಲ ಅಂತ ಮಾಡಿತು. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಸಾವಯವ ಅಂದ ಕೂಡಲೇ ಜನ "ಗ್ಯಾರಂಟಿ ಇರೋದನ್ನು ಬಿಟ್ಟು ಗ್ಯಾರಂಟಿ ಇಲ್ಲದ್ದಕ್ಕೆ ಯಾಕೆ ಹೋಗಬೇಕು" ಅನ್ನುತ್ತಾರೆ. ಗ್ಯಾರಂಟಿ ಎಲ್ಲಿತ್ತು? ನನ್ನ ಐವತ್ತು ವರ್ಷದಲ್ಲಿ ಅಂಗಡಿಯವರು ಕೊಟ್ಟ ಬಾಟಲಿಗಳನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದುಕೊಂಡಿದ್ದಾರೆ. ಪ್ರತಿ ಸಲವೂ ನಾವು ಹೊಸದಕ್ಕೆ ಒಗ್ಗಿಕೊಳ್ಳಬೇಕು. ಅದರ ಅಳತೆ ಕಲಿಯಬೇಕು, ಅದರ ರೇಟು ಕೊಡಬೇಕು. ಇಷ್ಟು ಸಲ ಬಿಡಿಸಿಕೊಂಡ ಮೇಲೆ ಒಂದು ಸಲ ನಾವಾಗೇ ಬಿಟ್ಟು ನೋಡಬಾರದಾ ಅಂತ ನನಗೆ ಅನ್ನಿಸಿತು.

ಇನ್ನು ತೋಟದ ಮಾತು. ಬ್ರೆಜಿಲ್‌ನಲ್ಲಿ ಕಾಫಿ ಬಹುಪಾಲು ಬಟಾಬಯಲಿನಲ್ಲಿ ಬೆಳೆಯುತ್ತದೆ, ಯಂತ್ರ ಓಡಿಸಿ ಕೊಯ್ಯುತ್ತಾರೆ. ಅಂಥ ತೋಟವನ್ನು ಸಾವಯವ ಮಾಡುವುದು ಅಂದರೆ ಬುಡದಿಂದ ಶುರು ಮಾಡಬೇಕು. ನಮ್ಮದು ಹಾಗಲ್ಲ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಅನ್ನೋ ಕಥೆಯ ಕಾಲದಿಂದಲೂ ಇಲ್ಲಿ ಕಾಫಿ ಬದುಕಿದ್ದು ಮರದಡಿಯಲ್ಲಿ. ನನ್ನ ಮೂರು ಎಕರೆಯಲ್ಲಿ ಅತ್ತಿ, ಬಸರಿ, ಹಲಸು, ಮತ್ತಿ, ಒಂದು ಬೀಟೆ, ಸಾಲು ಸಾಲು ಹಾಲವಾಣ ಇವೆ. ಹಾಲವಾಣದ ಬೇರು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಸವರುವಾಗ, ಅದರ ಸೊಪ್ಪನ್ನು ಗಿಡದ ಬುಡಕ್ಕೇ ಹಾಕುತ್ತೇವೆ. ಬಿದ್ದ ತರಗೆಲೆಯನ್ನು ಯಾರೂ ಗುಡಿಸಿ ಹೊರಗೆ ಹಾಕುವುದಿಲ್ಲ. ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣು ಸುಲಿದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಪೊಟ್ಯಾಷ್ ಜಾಸ್ತಿ. ಅದನ್ನು ಮೊದಲೆಲ್ಲ ಹಳ್ಳದ ಬದಿಗೆ ಸುರಿದು, ನೀರು ನಾರುವಂತೆ ಮಾಡಿ, ಆಮೇಲೆ ಹೊರದೇಶದಿಂದ ಬಂದ ಪೊಟ್ಯಾಷನ್ನು ದುಡ್ಡು ಕೊಟ್ಟು ತಂದು ಹಾಕುತ್ತಿದ್ದೆವು. ಎಂಥ ಬುದ್ಧಿ ನೋಡಿ! ಈಗ ಸಿಪ್ಪೆಯೆಲ್ಲ ಗುಂಡಿಗೆ ಹೋಗಿ, ಸಗಣಿ ಜೊತೆ ಕೊಳೆತು ತೋಟಕ್ಕೆ ಬರುತ್ತದೆ.

ರೋಗ, ಹುಳದ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಬರುತ್ತೇನೆ. ಅರೇಬಿಕಾ ಬೆಳೆಯುವವರ ನಿದ್ದೆ ಕೆಡಿಸುವುದು ಬಿಳಿ ಕಾಂಡಕೊರಕ, ನಮ್ಮ ಬಾಯಲ್ಲಿ ಬರೀ ಬೋರರ್. ಹುಳ ಕಾಂಡದ ಒಳಗೆ ಸೇರಿಕೊಂಡ ಮೇಲೆ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಇದು ಔಷಧಿ ಮಾರುವವರಿಗೂ ಗೊತ್ತು. ಹೊರಗೆ ಬಳಿಯುವುದು ಮೊಟ್ಟೆ, ಮರಿ ಹಂತಕ್ಕೆ ಮಾತ್ರ. ಒಳಗೆ ಹುಳ ಬಿದ್ದ ಗಿಡಕ್ಕೆ ಒಂದೇ ದಾರಿ, ಕಿತ್ತು ಸುಡುವುದು. ಅದನ್ನು ದುಂಬಿ ಹೊರಗೆ ಹಾರುವ ಮೊದಲೇ ಮಾಡಬೇಕು. ದುಂಬಿ ಹಾರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್ ಒಳಗೆ ಇನ್ನೊಮ್ಮೆ. ಅದಕ್ಕೆ ಬಿಸಿಲು ಅಂದರೆ ಪ್ರೀತಿ. ನೆರಳು ಸರಿಯಾಗಿದ್ದರೆ ಕಾಟ ಕಡಿಮೆ. ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆದರೆ ಮೊಟ್ಟೆ ಇಡಲು ಸಂದು ಸಿಗುವುದಿಲ್ಲ. ಆಮೇಲೆ ಸುಣ್ಣದ ನೀರು ಬಳಿಯುವುದು, 200 ಲೀಟರಿಗೆ 20 ಕೆಜಿ ಸುಣ್ಣ.

ಇಲ್ಲೇ ನೋಡಿ ಸಣ್ಣ ತೋಟದ ಬಲ ಇರೋದು. ಆರು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 1,200 ಗಿಡ. ನನ್ನದು ಒಟ್ಟು 3,600. ದಿನಕ್ಕೆ ಇನ್ನೂರೈವತ್ತು ಗಿಡ ನೋಡುತ್ತಾ ಹೋದರೆ ಹದಿನೈದು ದಿನದಲ್ಲಿ ಒಂದೊಂದು ಗಿಡವನ್ನೂ ಮುಟ್ಟಿ ನೋಡಿರುತ್ತೇನೆ. ಎಲೆ ಹಳದಿ ತಿರುಗಿ ಜೋಲು ಬಿದ್ದರೆ, ಕಾಂಡದ ಮೇಲೆ ಉಂಗುರದ ಹಾಗೆ ಉಬ್ಬಿದ್ದರೆ, ನನಗೆ ಅವತ್ತೇ ತಿಳಿಯುತ್ತದೆ. ಮುನ್ನೂರು ಎಕರೆ ಎಸ್ಟೇಟಿನ ಸಾಹುಕಾರರಿಗೆ ಇದು ಆಗದ ಮಾತು. ಅವರು ಲೆಕ್ಕ ಬರೆಯುವ ರೈಟರ್ ಕಣ್ಣಿನಿಂದ ನೋಡಬೇಕು, ರೈಟರ್ ಮೇಸ್ತ್ರಿ ಕಣ್ಣಿನಿಂದ ನೋಡಬೇಕು. ಕಾಯಿಕೊರಕದ್ದೂ ಇದೇ ಕಥೆ. ಗಿಡದಲ್ಲಿ ಒಂದು ಕಾಯಿ ಉಳಿಯದಂತೆ ಕೊಯ್ಯಬೇಕು, ನೆಲಕ್ಕೆ ಬಿದ್ದ ಉದುರು ಕಾಯಿಯನ್ನು ಆರಿಸಬೇಕು. ಮುಂದಿನ ವರ್ಷದ ಹುಳ ಅಡಗಿರುವುದು ಆ ಉದುರಿನಲ್ಲೇ. ಇದಕ್ಕೆ ಬೇಕಾದದ್ದು ಬಗ್ಗುವ ಬೆನ್ನು, ಅಷ್ಟೇ. ಬೆನ್ನು ನೋವು ಬರೋದಿಲ್ಲ ಅಂತ ನಾನು ಹೇಳುತ್ತಿಲ್ಲ!

ಕೊಳೆ ರೋಗಕ್ಕೆ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಒಂದು ತಮಾಷೆ ಗೊತ್ತಾ? ಕಾಫಿಯ ಕೊಳೆ ರೋಗ ತರುವ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಕೊಳೆರೋಗ ನಾಕ್ಸಿಯಾ. ನಮ್ಮ ಕನ್ನಡದ ಪದ ಲ್ಯಾಟಿನ್ ಹೆಸರಿನೊಳಗೆ ಕೂತಿದೆ. ಇಷ್ಟು ಹಳೆ ಪರಿಚಯ ನಮಗೂ ಅದಕ್ಕೂ. ಮಳೆಗೆ ಮೊದಲು ನೆರಳು ಬಿಡಿಸಿ, ಗಿಡದ ನಡುವೆ ಗಾಳಿ ಆಡುವಂತೆ ಮಾಡಿದರೆ ಅರ್ಧ ರೋಗ ಕಡಿಮೆ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಸಾವಯವ ನಿಯಮಗಳು ಪೂರ್ತಿ ಬೇಡ ಅನ್ನುವುದಿಲ್ಲ, ಮಿತಿಯಲ್ಲಿ ಬಳಸಲು ಬಿಡುತ್ತವೆ. ಎಲೆ ತುಕ್ಕಿಗೆ 2007ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಚಂದ್ರಗಿರಿ ತಳಿ ಇದೆ. ಸಾವಯವ ಅಂದರೆ ಕೈ ಕಟ್ಟಿ ಕೂರುವುದು ಅಂತ ಯಾರು ಹೇಳಿದರೋ ಗೊತ್ತಿಲ್ಲ.

ಪ್ರಮಾಣಪತ್ರ ಒಬ್ಬರಿಗೇ ಮಾಡಿಸಿದರೆ ದುಬಾರಿ, ಒಪ್ಪುತ್ತೇನೆ. ಗುಂಪಾಗಿ ಮಾಡಿಸಬಹುದಲ್ಲ? 2001ರಿಂದ ಇರುವ ರಾಷ್ಟ್ರೀಯ ಸಾವಯವ ಕಾರ್ಯಕ್ರಮದಲ್ಲಿ ಸಣ್ಣ ರೈತರ ಗುಂಪಿಗೆ ಅವಕಾಶ ಇದೆ. ಗುಂಪಿನವರೇ ನೇಮಿಸಿದವರು ಎಲ್ಲರ ತೋಟ ತಪಾಸಣೆ ಮಾಡುತ್ತಾರೆ, ಹೊರಗಿನ ಇನ್‌ಸ್ಪೆಕ್ಟರ್ ಬಂದು ಕೆಲವು ತೋಟ ನೋಡುತ್ತಾರೆ. ಆಂಧ್ರದ ಅರಕು ಕಣಿವೆಯ ಆದಿವಾಸಿಗಳು ಇದೇ ಥರ ಒಟ್ಟಾಗಿ ಸಹಕಾರ ಸಂಘ ಕಟ್ಟಿಕೊಂಡರು. ಒಂದೊಂದು ಮನೆಗೆ ಇರೋದು ನಮ್ಮಷ್ಟೇ, ಅಥವಾ ನಮಗಿಂತ ಕಡಿಮೆ ಜಾಗ. 2017ರಲ್ಲಿ ಅವರ ಕಾಫಿಯ ಅಂಗಡಿ ಪ್ಯಾರಿಸ್‌ನಲ್ಲೇ ಶುರುವಾಯಿತು. ಅಷ್ಟು ದೂರ ಯಾಕೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಪೋಡು ಅನ್ನೋ ಹಾಡಿಗಳಲ್ಲಿ ಸೋಲಿಗರು ಹುಲಿ ಕಾಡಿನ ನಡುವೆ ಚೂರು ಚೂರು ಜಾಗದಲ್ಲಿ ಕಾಫಿ ಬೆಳೆಯುತ್ತಿದ್ದಾರೆ. ಅಲ್ಲಿಗೆ ಯಾವ ಗೊಬ್ಬರದ ಲಾರಿ ಹೋಗುತ್ತದೆ ಹೇಳಿ?

ಹೆಚ್ಚಿನ ಬೆಲೆ ಸಿಗುತ್ತದಾ? ಸಿಕ್ಕಿದ ವರ್ಷ ಸಿಕ್ಕಿದೆ, ಇಲ್ಲದ ವರ್ಷ ಇಲ್ಲ. ಸುಳ್ಳು ಹೇಳಿ ಯಾರನ್ನೂ ಕರೆಯುವುದಿಲ್ಲ. ಫಸಲೂ ಮೊದಲ ಎರಡು ವರ್ಷ ಇಳಿಯಿತು, ಆಮೇಲೆ ಮೊದಲಿನಷ್ಟು ಅಲ್ಲದಿದ್ದರೂ ಹತ್ತಿರಕ್ಕೆ ಬಂತು. ಆದರೆ ಜೂನ್ ತಿಂಗಳಲ್ಲಿ ಗೊಬ್ಬರಕ್ಕೆ ಸಾಲ ಮಾಡಿ, ಜನವರಿಯಲ್ಲಿ ಕಾಫಿ ಒಣಗುವ ಮೊದಲೇ ಅದನ್ನು ವ್ಯಾಪಾರಿಗೆ ಬರೆದುಕೊಡುವ ಕಾಟ ನನಗೀಗ ಇಲ್ಲ. ಕಾಫಿ ಕಣದಲ್ಲಿ ಚೆನ್ನಾಗಿ ಒಣಗಲಿ ಅಂತ ಕಾಯುತ್ತೇನೆ. ರೇಟು ಬರಲಿ ಅಂತಲೂ ಕಾಯುತ್ತೇನೆ. ನಮ್ಮಪ್ಪನಿಗೆ ಇದೊಂದು ಆಗಲೇ ಇಲ್ಲ. ಅವರು ಬಿಎಚ್‌ಸಿ ಕಲಸುತ್ತಿದ್ದ ಬಕೆಟ್ ಇನ್ನೂ ಶೆಡ್ಡಿನ ಮೂಲೆಯಲ್ಲಿದೆ. ಅದರಲ್ಲಿ ಏನನ್ನೂ ತುಂಬಲು ಮನಸ್ಸು ಬರೋದಿಲ್ಲ.

ವಿರೋಧ: ಉಳಿದ ಅರ್ಧ ದಾರಿ ಪೂರ್ತಿ ಏರು

ಮೂಡಿಗೆರೆ ಅಕ್ಕ ಬಾಟಲಿಗಳ ಬಗ್ಗೆ ಹೇಳಿದ್ದರಲ್ಲಿ ನನ್ನದು ಒಂದು ಮಾತೂ ತಕರಾರಿಲ್ಲ. ನಮ್ಮ ಮನೆಯಲ್ಲೂ ಅಂಥ ಬಕೆಟ್ ಇತ್ತು. ವಿಷ ಬೇಕು ಅಂತ ವಾದಿಸಲು ನಾನು ಕೂತಿಲ್ಲ. ಮೂರು ಎಕರೆಯವನು ಈ ದಾರಿ ಹಿಡಿದರೆ ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತದೆ ಅನ್ನೋದಷ್ಟೇ ನನ್ನ ಪ್ರಶ್ನೆ. ನನ್ನ ಜೇಬಿನಿಂದ ಹೋಗಿದೆ, ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ಗೊಬ್ಬರದ ಲೆಕ್ಕ. ಇದು ಯಾರ ಮೇಲಿನ ಕೋಪವೂ ಅಲ್ಲ, ಬರೀ ಗಣಿತ. ಒಳ್ಳೆ ಫಸಲು ಬಿಡುವ ಅರೇಬಿಕಾಗೆ ವರ್ಷಕ್ಕೆ ಎಕರೆಗೆ 60 ಕೆಜಿ ಸಾರಜನಕ ಬೇಕು ಅಂತ ಇಟ್ಟುಕೊಳ್ಳೋಣ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕೆಜಿಯ ಮೂರು ಮೂಟೆ ಹಾಕಿದರೆ ಮುಗಿಯಿತು. ಮೂಟೆಗೆ ಸರ್ಕಾರದ ರೇಟು 266 ರೂಪಾಯಿ 50 ಪೈಸೆ. ಮೂರಕ್ಕೆ ಎಂಟುನೂರು ರೂಪಾಯಿ. ಒಬ್ಬ ಆಳು ಒಂದು ದಿನದಲ್ಲಿ ಹಾಕಿ ಬರುತ್ತಾನೆ. ಸಗಣಿ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು. ಅದೇ 60 ಕೆಜಿಗೆ ಎಷ್ಟು ಬೇಕು? 12 ಟನ್. ಒಂದು ಎಕರೆಗೆ. ನನ್ನ ಮೂರು ಎಕರೆಗೆ 36 ಟನ್.

36 ಟನ್ ಸಗಣಿ ಎಲ್ಲಿಂದ ತರಲಿ? ನಮ್ಮ ಅಜ್ಜನ ಕಾಲದಲ್ಲಿ ಕೊಟ್ಟಿಗೆ ತುಂಬ ದನ ಇದ್ದವು, ಗೋಮಾಳ ಇತ್ತು, ಮೇಯಿಸಲು ಹುಡುಗ ಇದ್ದ. ಈಗ ನಮ್ಮ ಬೀದಿಯಲ್ಲಿ ಕೊಟ್ಟಿಗೆ ಇರುವ ಮನೆ ಎರಡು. ಉಳಿದವರ ಕೊಟ್ಟಿಗೆಯಲ್ಲಿ ಬೈಕು ನಿಂತಿದೆ. ಮಲೆನಾಡು ಗಿಡ್ಡ ದನ ಕಟ್ಟಿ ಅನ್ನುತ್ತಾರೆ. ಕಟ್ಟೋಣ, ಚಂದದ ದನ. ಆದರೆ ಹೆಸರೇ ಗಿಡ್ಡ, ಅದು ಹಾಕುವ ಸಗಣಿಯೂ ಗಿಡ್ಡವೇ. ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ಬರುತ್ತದೆ. ಅದರ ಜೊತೆ ಪ್ಲಾಸ್ಟಿಕ್ಕು, ಕಲ್ಲು, ನಮ್ಮಲ್ಲಿ ಇಲ್ಲದ ಕಳೆ ಬೀಜ ಎಲ್ಲ ಬರುತ್ತದೆ. ಅದು ಎಲ್ಲಿಯ ಗೊಬ್ಬರ, ಯಾವ ದನದ್ದು ಅಂತ ಪುಸ್ತಕದಲ್ಲಿ ಬರೆದಿಡಬೇಕು. ಕೋಳಿ ಫಾರಂ ಗೊಬ್ಬರಕ್ಕೆ ಸುಲಭಕ್ಕೆ ಒಪ್ಪಿಗೆ ಸಿಗೋದಿಲ್ಲ. ಬೇವಿನ ಹಿಂಡಿ ಒಳ್ಳೆಯದೇ, ಅದೂ ಎಕರೆಗೆ ಒಂದು ಟನ್ನಿನ ಮೇಲೆ ಬೇಕಾಗುತ್ತದೆ. ಅದರ ಬಿಲ್ಲನ್ನು ಆ ಎಂಟುನೂರು ರೂಪಾಯಿ ಪಕ್ಕ ಇಟ್ಟು ನೋಡಿ. ಇನ್ನು ಲಾರಿ ಬರೋದು ರಸ್ತೆ ತನಕ. ಅಲ್ಲಿಂದ ತೋಟಕ್ಕೆ ತಲೆ ಮೇಲೆ ಬುಟ್ಟಿ. ನಮ್ಮದು ಇಳಿಜಾರು. ಕೊಯ್ಲಿಗೇ ಅಸ್ಸಾಮಿನಿಂದ ಬರುವವರನ್ನು ಕಾದು ಕೂರುವ ಕಾಲದಲ್ಲಿ ಬುಟ್ಟಿ ಹೊರುವವರು ಯಾರು?

ಹಾಲವಾಣದ ಸೊಪ್ಪು, ತರಗೆಲೆ, ಸಿಪ್ಪೆ ಎಲ್ಲ ಸರಿ, ನಾನೂ ಹಾಕುತ್ತೇನೆ. ಅದರಿಂದ ಒಂದು ಪಾಲು ಬರುತ್ತದೆ. ಆ ಚಂದ್ರಗಿರಿ ಕುಳ್ಳು ಗಿಡ ಕಾಯಿ ಗೊಂಚಲು ಹೊತ್ತು ನಿಂತಾಗ ಅಷ್ಟು ಸಾಲೋದಿಲ್ಲ. ಕೊಟ್ಟಷ್ಟು ತಿನ್ನುವ ಗಿಡ ಅದು. ಕೊಡದಿದ್ದರೆ ಮುಂದಿನ ವರ್ಷ ರೆಕ್ಕೆ, ಅಂದರೆ ಕೊಂಬೆ, ಒಣಗಿಸಿಕೊಂಡು ಸೇಡು ತೀರಿಸುತ್ತದೆ.

ಹತ್ತು ವರ್ಷದ ಹಿಂದೆ ನಮ್ಮೂರಿಗೆ ಒಂದು ಕಂಪನಿಯವರು ಬಂದರು. ಹೆಸರು ಬೇಡ. ಮೂವತ್ತೊಂದು ಮನೆ ಸೇರಿ ಗುಂಪಾಯಿತು. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ಅನ್ನಿಸಿಕೊಳ್ಳಲು ಮೂರು ವರ್ಷ ಬೇಕು. ಆ ಮೂರು ವರ್ಷ ನೀವು ಸಾವಯವದ ಹಾಗೆ ಬೆಳೆಯಬೇಕು, ಮಾಮೂಲಿ ಕಾಫಿಯ ಹಾಗೆ ಮಾರಬೇಕು. ಫಸಲು ಇಳಿಯುವುದೂ ಅದೇ ಮೂರು ವರ್ಷದಲ್ಲೇ. ನನ್ನ ಹೆಂಡತಿ ದಿನಾ ರಾತ್ರಿ ಡೈರಿ ಬರೆಯುತ್ತಿದ್ದಳು. ಇವತ್ತು ಕಳೆ ಕೊಚ್ಚಿದ್ದು ಇಷ್ಟು ಜನ, ಹಾಕಿದ ಗೊಬ್ಬರ ಇಷ್ಟು ಬುಟ್ಟಿ, ಅದರ ಬಿಲ್ಲು, ತೋಟದ ನಕ್ಷೆ. ಗುಂಪಿನ ತಪಾಸಣೆಗೆ ನಮ್ಮೂರಿನದೇ ಹುಡುಗ ಬೈಕಿನಲ್ಲಿ ಬರುತ್ತಿದ್ದ. ಅವನು ಚಿಕ್ಕಪ್ಪನ ತೋಟದಲ್ಲಿ ತಪ್ಪು ಕಂಡರೆ ಬರೆಯುತ್ತಾನಾ? ನೀವೇ ಯೋಚನೆ ಮಾಡಿ. ಕೊನೆಗೆ ಹೊರಗಿನ ಇನ್‌ಸ್ಪೆಕ್ಟರ್ ಬಂದಾಗ ಒಬ್ಬರ ಶೆಡ್ಡಿನಲ್ಲಿ ಕಳೆನಾಶಕದ ಖಾಲಿ ಬಾಟಲಿ ಸಿಕ್ಕಿತು. ಅವರು ಅದನ್ನು ಸೀಮೆಎಣ್ಣೆಗೆ ಇಟ್ಟುಕೊಂಡಿದ್ದರು ಅಂತ ನಾನು ಈಗಲೂ ನಂಬಿದ್ದೇನೆ. ಏನು ಮಾಡೋದು, ಇಡೀ ಗುಂಪಿನ ಕಾಗದ ಅಲ್ಲೇ ನಿಂತಿತು. ಆಮೇಲೆ ಕಂಪನಿಯವರು ಫೋನ್ ಎತ್ತುವುದನ್ನು ಬಿಟ್ಟರು. ಪ್ರಮಾಣಪತ್ರ ಇದ್ದದ್ದು ಅವರ ಹೆಸರಲ್ಲಿ. ಮೂರು ವರ್ಷ ಡೈರಿ ಬರೆದವರ ಕೈಯಲ್ಲಿ ಉಳಿದದ್ದು ಡೈರಿ. ಆ ವರ್ಷದ ಕಾಫಿಯನ್ನು ಪೇಟೆಯ ವ್ಯಾಪಾರಿಗೆ ಹಾಕಿದೆ. ಅವರು ಔಟ್‌ಟರ್ನ್, ಅಂದರೆ ಎಷ್ಟು ಬೀಜ ಇಳಿಯುತ್ತದೆ ಅಂತ ನೋಡಿದರು, ತೇವ ನೋಡಿದರು, ಮೂಟೆ ಬಿಚ್ಚಿ ಎಲ್ಲರ ಕಾಫಿಯ ರಾಶಿಗೇ ಸುರಿದರು.

ಈಗ ನಿಯಮ ಬದಲಾಗಿದೆ ಅನ್ನುತ್ತಾರೆ. ನಿಜ. ಯುರೋಪಿನ ಹೊಸ ನಿಯಮದ ಪ್ರಕಾರ ಗುಂಪು ರೈತರದ್ದೇ ಆಗಿರಬೇಕು, ಕಾನೂನಿನಲ್ಲಿ ಅದಕ್ಕೆ ಸ್ವಂತ ಅಸ್ತಿತ್ವ ಇರಬೇಕು, 2,000 ಜನಕ್ಕಿಂತ ಜಾಸ್ತಿ ಇರಬಾರದು. ಒಳ್ಳೆ ನಿಯಮ. ಆದರೆ ಸಂಘ ರಿಜಿಸ್ಟರ್ ಮಾಡಿಸಿ, ಲೆಕ್ಕ ಬರೆಸಿ, ಆಡಿಟ್ ಮಾಡಿಸಿ, ಮ್ಯಾನೇಜರ್‌ಗೆ ಸಂಬಳ ಕೊಟ್ಟು ನಡೆಸುವವರು ಯಾರು? ನಮ್ಮೂರ ಹಾಲಿನ ಡೈರಿಯ ಚುನಾವಣೆ ನೋಡಿದವರು ಈ ಪ್ರಶ್ನೆಗೆ ನಗುತ್ತಾರೆ.

ಸಣ್ಣ ತೋಟವೇ ಬಲ ಅಂದರು ಅಕ್ಕ. ಗಿಡ ನೋಡಿಕೊಳ್ಳುವುದರಲ್ಲಿ ಹೌದು. ಬೇಲಿ ವಿಷಯದಲ್ಲಿ ಅದೇ ದೌರ್ಬಲ್ಯ. ಪಕ್ಕದ ತೋಟದವರು ಔಷಧಿ ಹೊಡೆದರೆ ಗಾಳಿಗೆ ನಮ್ಮ ಕಡೆ ಬರುತ್ತದೆ. ಅದಕ್ಕೇ ಅಂಚಿನಲ್ಲಿ ಒಂದು ಪಟ್ಟಿ ಬಿಡಬೇಕು. ಆ ಪಟ್ಟಿಯ ಕಾಫಿಯನ್ನು ಬೇರೆ ಕೊಯ್ದು ಮಾಮೂಲಿ ಅಂತ ಮಾರಬೇಕು. 25 ಅಡಿ ಪಟ್ಟಿ ಅಂತ ಇಟ್ಟುಕೊಳ್ಳಿ. ಚೌಕಾಕಾರದ ಮೂರು ಎಕರೆ ಅಂದರೆ ಒಂದು ಬದಿ ಸುಮಾರು 361 ಅಡಿ. ನಾಲ್ಕೂ ಕಡೆ ಪಟ್ಟಿ ಕಳೆದರೆ ಮುಕ್ಕಾಲು ಎಕರೆಯ ಮೇಲೆ ಹೋಯಿತು. ನೂರು ಎಕರೆಯವರಿಗೆ ಅದೇ ಪಟ್ಟಿಯಲ್ಲಿ ಹೋಗೋದು ಐದು ಎಕರೆಗಿಂತ ಕಡಿಮೆ. ನನಗೆ ನಾಲ್ಕರಲ್ಲಿ ಒಂದು ಪಾಲು, ಅವರಿಗೆ ಇಪ್ಪತ್ತರಲ್ಲಿ ಒಂದು. ಮೇಲಿನ ಜಾಗವನ್ನು ಯಾರಾದರೂ ಶುಂಠಿಗೆ ಗುತ್ತಿಗೆ ಕೊಟ್ಟರೆ ಕಥೆ ಮುಗಿದೇ ಹೋಯಿತು. ಶುಂಠಿಗೆ ಏನೇನು ಸುರಿಯುತ್ತಾರೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಳೆನೀರು ಬೇಲಿ ನೋಡಿ ಹರಿಯೋದಿಲ್ಲ.

ಮಳೆ ಅಂದಾಗ ನೆನಪಾಯಿತು. 2018ರ ಆಗಸ್ಟ್ ನಮ್ಮ ಕಡೆಯವರು ಯಾರೂ ಮರೆಯೋದಿಲ್ಲ. ಗುಡ್ಡಗಳೇ ಜಾರಿ ಬಂದವು. 2019ರಲ್ಲಿ ಮತ್ತೆ ಅದೇ. ಅಂಥ ಮಳೆಯಲ್ಲಿ ಕೊಚ್ಚಿ ಹೋಗದೆ ಉಳಿದ ತೋಟದಲ್ಲೂ ಬೇರಿಗೆ ಶೀತ ಹಿಡಿಯುತ್ತದೆ, ಗಿಡ ಹಳದಿ ತಿರುಗಿ ಕಾಯಿ ಉದುರಿಸುತ್ತದೆ. ಆಗ ಮಳೆ ನಾಲ್ಕು ದಿನ ಬಿಡುವು ಕೊಟ್ಟ ಕೂಡಲೇ ಎಕರೆಗೊಂದು ಮೂಟೆ ಯೂರಿಯಾ ಎರಚಿದರೆ ಗಿಡ ಚೇತರಿಸುತ್ತದೆ. ಕಾಂಪೋಸ್ಟು ಒಳ್ಳೆಯದು, ಆದರೆ ಅದು ನಿಧಾನದ ಔಷಧಿ. ಉಸಿರು ಕಟ್ಟಿದವನಿಗೆ ಕಷಾಯ ಕಾಯಿಸುತ್ತಾ ಕೂರುವುದಕ್ಕಾಗುತ್ತದಾ? ಪ್ರಮಾಣಪತ್ರ ಇರುವವನು ಆ ಒಂದು ಮೂಟೆ ಎರಚಿದರೆ ಮತ್ತೆ ಮೊದಲಿನಿಂದ ಲೆಕ್ಕ. ಮಳೆ ಈಗ ಯಾವ ವರ್ಷ ಹೇಗೆ ಬರುತ್ತದೋ ಗೊತ್ತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಡುತ್ತದೆ, ಕೊಯ್ಲಿನಲ್ಲಿ ಸುರಿಯುತ್ತದೆ. ಇಂಥ ಹೊತ್ತಿನಲ್ಲಿ ಕೈಯಲ್ಲಿರುವ ಒಂದು ಆಯುಧವನ್ನು ಬರೆದುಕೊಟ್ಟು ಬಿಡಿ ಅಂದರೆ ನನಗೆ ಧೈರ್ಯ ಸಾಲೋದಿಲ್ಲ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಾಗಲೂ ಇದೇ ಪಾಡು. ಒಂದೇ ತೋಟ, ಒಂದೇ ನಿಯಮ, ಮೆಣಸಿಗೆ ಬೇರೆ ಅಂತ ಇಲ್ಲ.

ದುಡ್ಡಿನ ಮಾತಿಗೆ ಬರೋಣ. 2025ರ ಆರಂಭದಲ್ಲಿ 50 ಕೆಜಿ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ, 25 ಸಾವಿರ ರೂಪಾಯಿ ದಾಟಿತು. ನಾವು ಕನಸಲ್ಲೂ ಕಾಣದ ರೇಟು. ಎಕರೆಗೆ ಎಂಟು ಮೂಟೆ ಬರುವ ಕಡೆ ಸಾವಯವದಲ್ಲಿ ಆರು ಬಂತು ಅಂದುಕೊಳ್ಳಿ. 50 ಸಾವಿರ ಕಡಿಮೆ. ಅದನ್ನು ಉಳಿದ ಆರು ಮೂಟೆಯಲ್ಲಿ ತುಂಬಿಕೊಳ್ಳಬೇಕಾದರೆ ಮೂಟೆಗೆ ಎಂಟು ಸಾವಿರಕ್ಕಿಂತ ಜಾಸ್ತಿ ಕೊಡುವವರು ಬೇಕು. ಮಾಮೂಲಿ ರೇಟಿನ ಮೂರನೇ ಒಂದು ಪಾಲು ಹೆಚ್ಚಿಗೆ! ಗೊಬ್ಬರದ ಖರ್ಚು ಉಳಿಯುತ್ತದೆ ಅನ್ನಬಹುದು. ಬುಟ್ಟಿ ಹೊರುವವರ, ಕಳೆ ಕೊಚ್ಚುವವರ ಕೂಲಿ ಆಮೇಲೆ ಕೇಳಿ. ರೇಟು ಕೆಳಗಿದ್ದಾಗ ಸಾವಯವದ ಹೆಚ್ಚುವರಿ ದುಡ್ಡು ಆಸರೆ ಆಗಬಹುದು. ಆದರೆ ರೇಟು ಮೇಲಿದ್ದಾಗ ಕಳೆದುಕೊಂಡ ಮೂಟೆ ಇದೆಯಲ್ಲ, ಅದು ಮಗಳ ಕಾಲೇಜು ಫೀಸು.

ನಮ್ಮ ದೇಶದೊಳಗಿನ ಗಿರಾಕಿ ಕೊಡುತ್ತಾರೆ ಅನ್ನೋ ಆಸೆ ನನಗೂ ಇತ್ತು. ಒಮ್ಮೆ ಬೆಂಗಳೂರಿನ ನೆಂಟರ ಮನೆಗೆ ಒಂದು ಕೆಜಿ ಪುಡಿ ಮಾಡಿಸಿ ಕೊಂಡುಹೋದೆ. "ತುಂಬ ಚೆನ್ನಾಗಿದೆ ಕಣೋ, ಆದರೆ ಡಿಕಾಕ್ಷನ್ ದಪ್ಪ ಬರಲ್ಲ" ಅಂತ ಅತ್ತೆ ಅದಕ್ಕೆ ನೂರಕ್ಕೆ ನಲವತ್ತು ಚಿಕೋರಿ ಬೆರೆಸಿದರು. ಮೂರು ವರ್ಷ ಡೈರಿ ಬರೆದು ಬೆಳೆದ ಕಾಫಿ. ಲೋಟ ಎತ್ತಿ ಕುಡಿದೆ, ಚೆನ್ನಾಗೇ ಇತ್ತು.

ಅರಕು, ಸೋಲಿಗರ ಉದಾಹರಣೆ ಎಲ್ಲರೂ ಕೊಡುತ್ತಾರೆ. ಅವರ ಬಗ್ಗೆ ನನಗೆ ತುಂಬ ಗೌರವ. ಆದರೆ ಅವರು ಹೊರಟ ಜಾಗವೇ ಬೇರೆ. ಅವರ ತೋಟಗಳು ಮೊದಲಿನಿಂದಲೂ ಹೆಚ್ಚುಕಡಿಮೆ ರಸಗೊಬ್ಬರ ಕಾಣದವು. ಸಾವಯವಕ್ಕೆ ಹೋಗುವಾಗ ಇಳಿಯಲು ಅಲ್ಲಿ ಎತ್ತರದ ಫಸಲು ಇರಲಿಲ್ಲ, ಇದ್ದ ಫಸಲಿಗೇ ಒಳ್ಳೆ ಬೆಲೆ ಬಂತು. ಅರಕಿನಲ್ಲಿ ಬೆನ್ನಿಗೆ ಸ್ವಯಂಸೇವಾ ಸಂಸ್ಥೆ, ಸರ್ಕಾರದ ಆದಿವಾಸಿ ಅಭಿವೃದ್ಧಿ ಸಂಸ್ಥೆ ಎಲ್ಲ ನಿಂತವು. ನಾವು ನಲವತ್ತು ವರ್ಷ ಮೂಟೆ ಗೊಬ್ಬರ ತಿನ್ನಿಸಿ ಬೆಳೆಸಿದ ಗಿಡವನ್ನು ಒಂದೇ ಸಲಕ್ಕೆ ಉಪವಾಸಕ್ಕೆ ಕೂರಿಸಬೇಕು.

ನಾನು ಈಗ ಮಾಡುವುದು ಇಷ್ಟೇ. ಎರಡು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಹಾಕುತ್ತೇನೆ. ಮೊದಲು ಹಾಕುತ್ತಿದ್ದುದರ ಅರ್ಧವೂ ಬೇಕಾಗೋದಿಲ್ಲ. ಹುಳಿ ಜಾಸ್ತಿಯಾದರೆ ಸುಣ್ಣ. ಬೋರರ್‌ಗೆ ಅಕ್ಕ ಹೇಳಿದ ಹಾಗೇ, ಕಿತ್ತು ಸುಡುವುದು. ಕಳೆನಾಶಕ ಬಿಟ್ಟು ಆರು ವರ್ಷ ಆಯಿತು, ಯಂತ್ರದಲ್ಲಿ ಕೊಚ್ಚಿಸುತ್ತೇನೆ. ಹಣ್ಣು ಪೂರ್ತಿ ಕೆಂಪಾದ ಮೇಲೆ ಕೊಯ್ದು, ಕಣದಲ್ಲಿ ತೆಳ್ಳಗೆ ಹರಡಿ ಒಣಗಿಸುತ್ತೇನೆ. ಕಪ್ಪಿನ ರುಚಿ ನೋಡಿ ಕೊಳ್ಳುವವರು ಇಬ್ಬರು ಸಿಕ್ಕಿದ್ದಾರೆ. ಅವರು ಪ್ರಮಾಣಪತ್ರ ಕೇಳಲಿಲ್ಲ, ಯಾವ ತಳಿ, ಎಷ್ಟು ದಿನ ಒಣಗಿಸಿದಿರಿ ಅಂತ ಕೇಳಿದರು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಬಂತಲ್ಲ, ಆ ಹೆಸರನ್ನಾದರೂ ನಾವು ಸರಿಯಾಗಿ ಬಳಸಿಕೊಂಡಿದ್ದೇವಾ? ಇಲ್ಲ.

ಈ ಆಗಸ್ಟಿನಲ್ಲೂ ಯಾರೋ ಬಂದಿದ್ದರು. ಒಳ್ಳೆ ಮಾತಿನ ಹುಡುಗ, ಕೈಯಲ್ಲಿ ಟ್ಯಾಬು. ಹೊಸ ಗುಂಪು ಮಾಡುತ್ತಿದ್ದೇವೆ ಅಂಕಲ್, ಈ ಸಲ ಎಲ್ಲ ನಿಮ್ಮ ಹೆಸರಲ್ಲೇ ಇರುತ್ತದೆ ಅಂದ. ಕೂರಿಸಿ ಕಾಫಿ ಕೊಟ್ಟೆ. ಮೊದಲ ಮೂರು ವರ್ಷ ಫಸಲು ಇಳಿದರೆ ಆ ದುಡ್ಡು ಯಾರು ಕೊಡುತ್ತಾರೆ ಅಂತ ಕೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ. ಸರಿ ಕೇಳಪ್ಪ, ಬಾ, ಗೇಟು ತೆಗೆದೇ ಇರುತ್ತದೆ ಅಂದೆ. ಬರುವಾಗ ಒಂದು ಮೂವತ್ತಾರು ಟನ್ ಸಗಣಿನೂ ಹಾಕಿಕೊಂಡು ಬಾ.